ಪ್ಯಾಕೆಟ್ ಮೇಲೆ ದಪ್ಪ, ದುಂಡು ಕನ್ನಡ ಅಕ್ಷರ: ಬಾಲೂ ತಮ್ಮ ಬಿಟ್ಟರೆ ಬೇರೆ ಏನಿದೆ?

ಕುರುಕಲು, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಒಂದು ಮನೆತಿಂಡಿ ಬ್ರ್ಯಾಂಡ್‌ನ ಕೆಲಸ ಕೈಗೆ ಬಂದಿದೆ. ಚಕ್ಕುಲಿ, ನಿಪ್ಪಟ್ಟು, ಕೋಡುಬಳೆ, ಶಂಕರಪೋಳಿ. ಅತ್ತೆ ಸೊಸೆ ಸೇರಿ ನಡೆಸುವ ವ್ಯವಹಾರ. ಪ್ಯಾಕೆಟ್, ಅಂಗಡಿ ಬೋರ್ಡ್, ವಾಟ್ಸಾಪ್‌ಗೆ ಹಾಕುವ ಚಿತ್ರ, ಎಲ್ಲಕ್ಕೂ ಒಂದೇ ಫಾಂಟ್ ಇರಲಿ ಅಂತ ಆಸೆ. ದಪ್ಪಗಿರಬೇಕು, ಮೂಲೆ ಮೆತ್ತಗಿರಬೇಕು, ದೂರದಿಂದಲೇ ಕರೆಯುವ ಹಾಗಿರಬೇಕು. ಆದರೆ ಪೆಪ್ಪರ್‌ಮಿಂಟ್ ಕಾಗದದ ಹಾಗೆ ಕಾಣಬಾರದು. ಇದು ಅತ್ತೆಯವರ ಷರತ್ತು.

ಇಂಗ್ಲಿಷ್‌ಗೆ ಹುಡುಕಿದರೆ ರಾಶಿ ರಾಶಿ ಸಿಗುತ್ತವೆ. ಫ್ರೆಡೋಕಾ, ನುನಿಟೊ, ವರೇಲಾ ರೌಂಡ್, ಕಂಫರ್ಟಾ. ಒಂದರಲ್ಲೂ ಕನ್ನಡ ಇಲ್ಲ. ನೋಟೋ ಸ್ಯಾನ್ಸ್ ಕನ್ನಡವನ್ನು ದಪ್ಪ ಮಾಡಿ ಇಟ್ಟು ನೋಡಿದೆ. ಓದಲು ಏನೂ ತೊಂದರೆ ಇಲ್ಲ, ಆದರೆ ಕಚೇರಿ ನೋಟಿಸ್ ಕಳೆ ಬಂತು. ಕೊನೆಗೆ ಕಣ್ಣಿಗೆ ಬಿದ್ದದ್ದು ಬಾಲೂ ತಮ್ಮ 2. ಇಷ್ಟ ಆಯಿತು. ಆದರೆ ‘ನಿಪ್ಪಟ್ಟು’ ಅಂತ ಬರೆದು ಸಣ್ಣದು ಮಾಡಿದರೆ ಕೆಳಗಿನ ಎರಡು ಒತ್ತು ಕಪ್ಪು ಚುಕ್ಕಿ ಆಗಿಬಿಡುತ್ತವೆ. ಇದಕ್ಕೇನು ದಾರಿ? ಬೇರೆ ಫಾಂಟ್ ಇದೆಯಾ? ದುಡ್ಡಿನ ಕೆಲಸಕ್ಕೆ ಇದನ್ನು ಬಳಸಬಹುದಾ? ಗೊತ್ತಿದ್ದವರು ಹೇಳಿ.

ಅಕ್ಷರಮೋಹಿ, ಬೆಂಗಳೂರು

ಕೊನೆಯ ಪ್ರಶ್ನೆಗೆ ಮೊದಲು ಉತ್ತರ. ಧಾರಾಳವಾಗಿ ಬಳಸಿ. ಬಾಲೂ ಇರುವುದು ಓಪನ್ ಫಾಂಟ್ ಲೈಸೆನ್ಸ್ ಅಡಿಯಲ್ಲಿ. ಪ್ಯಾಕೆಟ್, ಬೋರ್ಡ್, ಟೀ ಶರ್ಟ್, ಆ್ಯಪ್, ಯಾವುದಕ್ಕೂ ಹಣ ಕಟ್ಟಬೇಕಿಲ್ಲ. ಫಾಂಟ್ ಫೈಲನ್ನೇ ಬಿಡಿಯಾಗಿ ಮಾರುವ ಹಾಗಿಲ್ಲ, ಅಷ್ಟೇ. ನೀವು ಅದನ್ನು ತಿದ್ದಿ ಹೊಸ ಫಾಂಟ್ ಮಾಡಿ ಹಂಚಿದರೆ ಅದೂ ಇದೇ ಲೈಸೆನ್ಸ್‌ನಲ್ಲೇ ಇರಬೇಕು. ಲೋಗೋ ಮಾಡಿಕೊಂಡರೆ ಆ ಲೋಗೋ ನಿಮ್ಮದೇ.

ಇದನ್ನು ಮಾಡಿದವರು ಮುಂಬೈನ ಏಕ್ ಟೈಪ್ ಅನ್ನುವ ಫಾಂಟ್ ವಿನ್ಯಾಸಕರ ಸಂಸ್ಥೆ. ಮೊದಲು ಬಂದಾಗ ಒಂದೇ ತೂಕ (ಅಂದರೆ ಗೆರೆಯ ದಪ್ಪದ ಮಟ್ಟ) ಇತ್ತು, ಒಳ್ಳೆ ದಪ್ಪದ್ದು. ಬಾಲೂ 2 ಬಂದಾಗ ರೆಗ್ಯುಲರ್‌ನಿಂದ ಎಕ್ಸ್‌ಟ್ರಾ ಬೋಲ್ಡ್‌ವರೆಗೆ ಐದು ತೂಕ ಆದವು. ಒಂಬತ್ತು ಭಾರತೀಯ ಲಿಪಿಗಳು, ಜೊತೆಗೆ ಉರ್ದು. ದೇವನಾಗರಿ ಬಿಟ್ಟು ಉಳಿದ ಪ್ರತಿಯೊಂದಕ್ಕೂ ಆಯಾ ಊರಿನ ಕರೆಯುವ ಹೆಸರು: ಗುಜರಾತಿಗೆ ಭಾಯ್, ಬಂಗಾಳಿಗೆ ದಾ, ಗುರುಮುಖಿಗೆ ಪಾಜಿ, ಮಲಯಾಳಕ್ಕೆ ಚೇಟ್ಟನ್, ತಮಿಳಿಗೆ ತಂಬಿ, ತೆಲುಗಿಗೆ ತಮ್ಮುಡು, ನಮಗೆ ತಮ್ಮ. ಕನ್ನಡದ ಅಕ್ಷರ ರೂಪಿಸಿದವರು ದಿವ್ಯಾ ಕೌಶಿಕ್ ಮತ್ತು ಶುಚಿತಾ ಗ್ರೋವರ್. ಪ್ರತಿ ಫೈಲ್‌ನಲ್ಲೂ ಇಂಗ್ಲಿಷ್ ಅಕ್ಷರ ಇದ್ದೇ ಇರುತ್ತದೆ, ಎಲ್ಲದರಲ್ಲೂ ಒಂದೇ. ನಿಮ್ಮ ಹಾಗೆ ಎರಡು ಭಾಷೆಯ ಪ್ಯಾಕೆಟ್ ಮಾಡುವವರಿಗೆ ಇದೇ ದೊಡ್ಡ ಲಾಭ.

ಈಗ ಒತ್ತಿನ ವಿಷಯ. ಇಂಗ್ಲಿಷ್‌ನಲ್ಲಿ ‘ರೌಂಡೆಡ್’ ಅಂದರೆ ನೇರ ಗೆರೆಯ ತುದಿಯನ್ನು ಬೋಳಿಸಿ ದುಂಡು ಮಾಡುವುದು. ಅಷ್ಟು ಮಾಡಿದರೆ ಸಾಕು, ಅಕ್ಷರದ ಸ್ವಭಾವವೇ ಬದಲಾಗುತ್ತದೆ. ನಮ್ಮ ಅಕ್ಷರ ಮೊದಲೇ ದುಂಡು. ತುದಿ ದುಂಡಗೆ ಮಾಡಿದರೆ ಅಂಥ ವ್ಯತ್ಯಾಸ ಗೊತ್ತಾಗುವುದಿಲ್ಲ. ಹಾಗಾಗಿ ಕನ್ನಡದಲ್ಲಿ ದಪ್ಪ ಅಕ್ಷರ ಆಪ್ತವಾಗಿ ಕಾಣಬೇಕಾದರೆ ನೋಡಬೇಕಾದ್ದು ಒಳಗಿನ ಬಿಳಿ ಜಾಗವನ್ನು. ‘ಬ’ದ ಹೊಟ್ಟೆಯೊಳಗಿನ ಜಾಗ, ‘ಟ’ದ ಸುರುಳಿ, ‘ಷ’ದ ಒಳಗಿನ ಅಡ್ಡಗೆರೆಯ ಅಕ್ಕಪಕ್ಕ. ದಪ್ಪ ಹೆಚ್ಚಿದಷ್ಟೂ ಈ ಜಾಗ ಸಾಯುತ್ತದೆ. ಒಳ್ಳೆ ವಿನ್ಯಾಸಕರು ಗೆರೆ ಕೂಡುವ ಕಡೆ ಸ್ವಲ್ಪ ಸಣ್ಣ ಮಾಡಿ ಅದನ್ನು ಉಳಿಸಿಕೊಳ್ಳುತ್ತಾರೆ. ಒತ್ತಿನಲ್ಲಿ ಈ ಕಷ್ಟ ಇನ್ನೂ ಜಾಸ್ತಿ, ಯಾಕೆಂದರೆ ಅಷ್ಟೇ ಸುರುಳಿಗಳನ್ನು ಅರ್ಧ ಜಾಗದಲ್ಲಿ ತುರುಕಬೇಕು.

ನಿಮಗೆ ಸುಲಭದ ದಾರಿ: ಸಣ್ಣದಾದಾಗ ಎಕ್ಸ್‌ಟ್ರಾ ಬೋಲ್ಡ್ ಬಿಡಿ, ಸೆಮಿ ಬೋಲ್ಡ್‌ಗೆ ಇಳಿಯಿರಿ. ಕಣ್ಣಿಗೆ ಎರಡೂ ಒಂದೇ ದಪ್ಪ ಅನ್ನಿಸುತ್ತದೆ.

ಮಸಿಕುಡಿಕೆ, ಮೈಸೂರು

ಎಲ್ಲ ಸರಿ. ಆದರೆ ಬಾಲೂ ಯಾರು ಬಳಸಿಲ್ಲ ಹೇಳಿ? ಪ್ಲೇ ಹೋಮ್ ಬೋರ್ಡ್ ಬಾಲೂ. ಐಸ್‌ಕ್ರೀಂ ಗಾಡಿ ಬಾಲೂ. ಯೂಟ್ಯೂಬ್ ಅಡುಗೆ ಚಾನೆಲ್ ಥಂಬ್‌ನೇಲ್ ಬಾಲೂ. ನಿಮ್ಮ ಚಕ್ಕುಲಿ ಪ್ಯಾಕೆಟ್ ಅವುಗಳ ಪಕ್ಕ ನಿಂತರೆ ಯಾರಿಗೆ ಗುರುತು ಸಿಗುತ್ತದೆ? ಬಿಟ್ಟಿ ಸಿಕ್ಕಿದ್ದಕ್ಕೆ ಎಲ್ಲರೂ ಒಂದೇ ಅಂಗಿ ಹಾಕಿಕೊಂಡರೆ ಜಾತ್ರೆಯಲ್ಲಿ ಯಾರು ಯಾರೋ.

ಹೆಸರು ಒಂದೇ ಪದ ತಾನೇ? ಕೈಯಲ್ಲಿ ಬರೆಸಿ. ಬರೆಯುವವರು ಇನ್ನೂ ಇದ್ದಾರೆ.

ಕುರುಕಲು, ದಾವಣಗೆರೆ

ಹೆಸರು ಕೈಯಲ್ಲಿ ಬರೆಸಬಹುದು ಸರ್. ಆದರೆ ತಿಂಡಿಯ ಹೆಸರುಗಳು, ‘ಖಾರ ಕಮ್ಮಿ’, ‘ಬೆಣ್ಣೆ ಹಾಕಿದ್ದು’ ಅಂತ ಬರುವ ಪಟ್ಟಿಗಳು, ಹಬ್ಬಕ್ಕೆ ಹೊಸ ಪ್ಯಾಕೆಟ್... ಪ್ರತಿ ಸಲ ಬರೆಸಲು ಅವರ ಹತ್ತಿರ ಅಷ್ಟು ದುಡ್ಡಿಲ್ಲ. ಸೊಸೆಯೇ ಮೊಬೈಲ್‌ನಲ್ಲಿ ಟೈಪ್ ಮಾಡಿ ಹಾಕುವ ಹಾಗಿರಬೇಕು.

ಅಕ್ಷರಮೋಹಿ, ಬೆಂಗಳೂರು

ಮಸಿಕುಡಿಕೆಯವರ ಮಾತಿನಲ್ಲಿ ಅರ್ಧ ಒಪ್ಪುತ್ತೇನೆ. ಹೆಸರಿಗೆ ಕೈಬರಹ, ಉಳಿದದ್ದಕ್ಕೆ ಫಾಂಟ್, ಇದು ಒಳ್ಳೆ ಜೋಡಿ. ಆದರೆ ದುಂಡು ಅಕ್ಷರ ಅಂದ ಕೂಡಲೇ ಮಕ್ಕಳಾಟ ಅನ್ನುವುದನ್ನು ಒಪ್ಪುವುದಿಲ್ಲ. ವ್ಯಾಗ್ ರೌಂಡೆಡ್ ಅಂತ ಒಂದು ಇಂಗ್ಲಿಷ್ ಫಾಂಟ್ ಇದೆ. 1979ರಲ್ಲಿ ಬಂದದ್ದು. ಮಾಡಿಸಿದ್ದು ಯಾರು? ಫೋಕ್ಸ್‌ವ್ಯಾಗನ್, ಕಾರು ಕಂಪನಿ. ಜರ್ಮನಿಯವರು ಫೋಕ್ಸ್‌ವ್ಯಾಗನ್ ಮತ್ತು ಆಡಿ ಡೀಲರ್‌ಗಳನ್ನು ಒಂದೇ ಹೆಸರಿನಡಿ ತಂದಾಗ ಇಬ್ಬರಿಗೂ ಹೊಂದುವ ಅಕ್ಷರ ಬೇಕಾಯಿತು, ಆಗ ಮಾಡಿಸಿದರು. ಆಮೇಲೆ ಅದೇ ಅಕ್ಷರ ಆ್ಯಪಲ್ ಲ್ಯಾಪ್‌ಟಾಪ್‌ನ ಕೀಲಿಮಣೆ ಮೇಲೆ ವರ್ಷಗಟ್ಟಲೆ ಇತ್ತು. 2015ರ ಮ್ಯಾಕ್‌ಬುಕ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಅನ್ನುವ ಫಾಂಟ್ ಬರುವ ತನಕ ನಾವೆಲ್ಲ ಅದರ ಮೇಲೇ ಬೆರಳಾಡಿಸಿದ್ದು. ಅದನ್ನು ಯಾರೂ ಮಕ್ಕಳ ಆಟಿಕೆ ಅನ್ನಲಿಲ್ಲ, ಅಲ್ವಾ?

ಪೆಪ್ಪರ್‌ಮಿಂಟ್ ಕಳೆ ಬರುವುದು ಬೇರೆ ಕಾರಣಕ್ಕೆ. ಅಕ್ಷರಕ್ಕೆ ಹಳದಿ ತುಂಬು, ಅದಕ್ಕೆ ಬಿಳಿ ಅಂಚು, ಅದರ ಹೊರಗೆ ಕೆಂಪು ಅಂಚು, ಅದಕ್ಕೊಂದು ನೆರಳು, ಆಮೇಲೆ ಒಂದೊಂದು ಅಕ್ಷರವನ್ನೂ ಆಚೆ ಈಚೆ ವಾಲಿಸು. ಹೀಗೆ ಮಾಡಿದರೆ ನೋಟೋ ಸ್ಯಾನ್ಸ್ ಕೂಡ ಪೆಪ್ಪರ್‌ಮಿಂಟ್ ಆಗುತ್ತದೆ. ಒಂದೇ ಬಣ್ಣ, ನೇರ ಸಾಲು, ಸುತ್ತ ಖಾಲಿ ಜಾಗ ಕೊಟ್ಟು ಬಾಲೂ ಇಟ್ಟು ನೋಡಿ. ಅತ್ತೆಯವರು ಒಪ್ಪುತ್ತಾರೆ.

ಬೋರ್ಡ್ ಮಾವ, ಹುಬ್ಬಳ್ಳಿ

ನಾನು ಕಂಪ್ಯೂಟರ್‌ನವನಲ್ಲ, ಬ್ರಷ್ ಹಿಡಿದು ಬಂದವನು. ಗೋಡೆ ಬರೆದೆ, ತಗಡು ಬರೆದೆ, ಬ್ಯಾನರ್ ಬಟ್ಟೆ ಬರೆದೆ. ಫ್ಲೆಕ್ಸ್ ಬಂದಮೇಲೆ ಬ್ರಷ್ ಮೂಲೆ ಸೇರಿತು. ಈಗ ಅಂಗಡಿಯಲ್ಲಿ ಶೀಟು ಕೊರೆಯುವ ರೌಟರ್ ಮಷಿನ್ ಇದೆ, ಎಸಿಪಿ (ಅಲ್ಯೂಮಿನಿಯಂ ಪದರದ) ಶೀಟು, ಅಕ್ರಿಲಿಕ್, ಎಲ್ಇಡಿ ಅಕ್ಷರ ಮಾಡುತ್ತೇವೆ.

ದುಂಡು ಅಕ್ಷರ ನಮ್ಮವರಿಗೆ ಯಾಕೆ ಇಷ್ಟ ಅಂತ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ರೌಟರ್‌ನ ಬಿಟ್ ದುಂಡಗೆ ತಿರುಗುತ್ತದೆ. ಅದರಿಂದ ಒಳಮೂಲೆ ಚೂಪಾಗಿ ಬರುವುದೇ ಇಲ್ಲ. ಚೂಪು ಬೇಕೆಂದರೆ ಆಮೇಲೆ ಅರ ಹಿಡಿದು ಕೈಯಲ್ಲಿ ಉಜ್ಜಬೇಕು. ಅಕ್ರಿಲಿಕ್‌ನಲ್ಲಿ ಇನ್ನೊಂದು ತಾಪತ್ರಯ, ಚೂಪು ಒಳಮೂಲೆ ಇದ್ದರೆ ಬಿರುಕು ಅಲ್ಲಿಂದಲೇ ಶುರು. ದುಂಡು ಇದ್ದರೆ ಆ ಭಯ ಇಲ್ಲ. ಹಳೆಯ ಬ್ರಷ್ ಕಾಲದಲ್ಲೂ ಅಷ್ಟೇ, ದುಂಡು ಬ್ರಷ್ ಒತ್ತಿ ಎತ್ತಿದರೆ ತುದಿ ತಾನಾಗಿಯೇ ದುಂಡಗೆ ಬರುತ್ತಿತ್ತು. ಚೂಪು ತುದಿಗೆ ಚಪ್ಪಟೆ ಬ್ರಷ್ ಬೇಕಿತ್ತು, ಕೈಯೂ ಪಳಗಿರಬೇಕಿತ್ತು.

ಎಲ್ಇಡಿ ಅಕ್ಷರಕ್ಕೆ ದಪ್ಪ ಯಾಕೆ ಬೇಕು ಅಂದರೆ, ಗೆರೆಯ ಒಳಗೆ ಎಲ್ಇಡಿ ಮಾಡ್ಯೂಲ್ ಕೂರಬೇಕಲ್ಲ. ತೆಳು ಫಾಂಟ್ ತಂದು ‘ಇದನ್ನೇ ಬೆಳಗಿಸಿ’ ಅನ್ನುತ್ತಾರೆ. ಎಲ್ಲಿ ಕೂರಿಸಲಿ? ಕನ್ನಡದಲ್ಲಿ ಒತ್ತು ಬೇರೆ. ‘ನಿಪ್ಪಟ್ಟು’ ಅಂದರೆ ಮೇಲೆ ಮೂರು ಡಬ್ಬಿ, ಕೆಳಗೆ ಎರಡು ಪುಟ್ಟ ಡಬ್ಬಿ. ಪುಟ್ಟದಕ್ಕೂ ಬೇರೆ ವೈರ್ ತೂತು, ಬೇರೆ ಮಾಡ್ಯೂಲ್, ಬೇರೆ ಮುಚ್ಚಳ. ಒತ್ತು ತೆಳುವಾದರೆ ಅದೊಂದೇ ಕತ್ತಲಲ್ಲಿ ಉಳಿಯುತ್ತದೆ. ರಾತ್ರಿ ನೋಡಿದರೆ ‘ನಿಪಟು’. ಆದ್ದರಿಂದ ಬೋರ್ಡ್‌ಗೆ ಎಕ್ಸ್‌ಟ್ರಾ ಬೋಲ್ಡ್ ಇರಲಿ, ಪ್ಯಾಕೆಟ್‌ಗೆ ಬೇಕಾದರೆ ಇಳಿಸಿ.

2024ರ ಕಾನೂನು ಆದಮೇಲೆ ಬೋರ್ಡ್‌ನ ನೂರಕ್ಕೆ 60 ಭಾಗ ಕನ್ನಡ ಇರಬೇಕು, ಅದೂ ಮೇಲುಗಡೆ. ಆಗ ಬಂದ ಗಿರಾಕಿಗಳು ನೋಡ್ರಿ, ‘ಇಂಗ್ಲಿಷ್ ಲೋಗೋ ಇದೆ, ಕನ್ನಡದಲ್ಲಿ ಏನಾದ್ರೂ ಹಾಕಿ’ ಅಂತ ಬಂದರು. ಏನಾದ್ರೂ ಅಂದರೆ ಏನು? ಇಂಗ್ಲಿಷ್ ದಪ್ಪ ದುಂಡು, ಕನ್ನಡ ಸಣಕಲು. ದೊಡ್ಡದಾಗಿದ್ದರೂ ಕನ್ನಡ ಆಮೇಲೆ ಅಂಟಿಸಿದ ಹಾಗೆ ಕಂಡಿತು. ಎರಡೂ ಒಂದೇ ಕೈಯಿಂದ ಬಂದ ಅಕ್ಷರ ಇದ್ದರೆ ಆ ಗೋಳಿಲ್ಲ.

ಮಸಿಕುಡಿಕೆ, ಮೈಸೂರು

ಮಾವ, ಈ ಎಲ್ಇಡಿ ವಿಷಯ ನನಗೆ ಹೊಳೆದಿರಲಿಲ್ಲ. ಆದರೂ ಕೇಳುತ್ತೇನೆ, ಬ್ರಷ್ ಕಾಲದಲ್ಲಿ ಹುಬ್ಬಳ್ಳಿ ಬೋರ್ಡ್‌ಗೂ ಮೈಸೂರು ಬೋರ್ಡ್‌ಗೂ ಕೈ ಬೇರೆ ಅಂತ ಗೊತ್ತಾಗುತ್ತಿತ್ತು. ಈಗ?

ಬೋರ್ಡ್ ಮಾವ, ಹುಬ್ಬಳ್ಳಿ

ಈಗ ಗೊತ್ತಾಗಲ್ಲ. ಆಗ ಒಂದು ಬೋರ್ಡ್‌ಗೆ ವಾರ ಕಾಯುತ್ತಿದ್ದರು, ಈಗ ಸಂಜೆಗೆ ಬೇಕು.

ಪುಟಜೋಡಣೆ, ತುಮಕೂರು

ಡಿಟಿಪಿ ಕೆಲಸದವಳು ನಾನು. ಒಂದು ಎಚ್ಚರಿಕೆ ಹೇಳಲೇಬೇಕು. ಪ್ರಿಂಟಿಂಗ್ ಪ್ರೆಸ್‌ನಲ್ಲಿ ಈಗಲೂ ಹೆಚ್ಚಿನ ಕನ್ನಡ ಮ್ಯಾಟರ್ ನುಡಿ, ಶ್ರೀಲಿಪಿಯಂಥ ಟೈಪಿಂಗ್ ತಂತ್ರಾಂಶಗಳ ಹಳೆ ಎನ್‌ಕೋಡಿಂಗ್‌ನಲ್ಲೇ (ಅಕ್ಷರಗಳಿಗೆ ಕೊಡುವ ಸಂಕೇತದಲ್ಲೇ) ಇರುತ್ತದೆ. ಅದನ್ನು ಆಯ್ಕೆ ಮಾಡಿ ಫಾಂಟ್ ಬಾಲೂ ತಮ್ಮ ಅಂತ ಬದಲಾಯಿಸಿದರೆ ಕನ್ನಡ ಹೋಗಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಬರುತ್ತದೆ. ‘ಫಾಂಟ್ ಕೆಟ್ಟಿದೆ ಮೇಡಂ’ ಅಂತ ಫೋನ್ ಬರುತ್ತದೆ. ಕೆಟ್ಟಿರುವುದಿಲ್ಲ. ಬಾಲೂ ಯೂನಿಕೋಡ್ ಫಾಂಟ್, ಅಂದರೆ ಮೊಬೈಲ್, ಕಂಪ್ಯೂಟರ್ ಎಲ್ಲ ಕಡೆ ನಡೆಯುವ ಒಂದೇ ಸಂಕೇತ ಪದ್ಧತಿಯದು. ಮೊದಲು ಮ್ಯಾಟರನ್ನು ಯೂನಿಕೋಡ್‌ಗೆ ಪರಿವರ್ತಿಸಿ, ಆಮೇಲೆ ಹಾಕಬೇಕು. ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಆದರೆ ಅರ್ಕಾವೊತ್ತು ಮತ್ತು ಎರಡು ಒತ್ತು ಬರುವ ಪದಗಳನ್ನು ಕಣ್ಣಿಟ್ಟು ನೋಡಿ, ಅಲ್ಲೇ ಎಡವಟ್ಟು ಆಗುವುದು.

ಎರಡನೆಯದು ಫೋಟೋಶಾಪ್, ಇಲಸ್ಟ್ರೇಟರ್. ಹಳೆಯ ವರ್ಷನ್ ಇದ್ದರೆ ಯೂನಿಕೋಡ್ ಕನ್ನಡ ಒಡೆದು ಕಾಣುತ್ತದೆ. ‘ಚಕ್ಕುಲಿ’ ಅಂತ ಹೊಡೆದರೆ ‘ಚಕ್‌ಕುಲಿ’ ಬರುತ್ತದೆ. ಸೆಟ್ಟಿಂಗ್‌ನಲ್ಲಿ ದಕ್ಷಿಣ ಏಷ್ಯಾ ಭಾಷೆಗಳ ಆಯ್ಕೆ ಇರುವ ವರ್ಷನ್ ಆದರೆ ಅದನ್ನು ಆನ್ ಮಾಡಿದರೆ ಸರಿಹೋಗುತ್ತದೆ. ತುಂಬಾ ಜನ ಇದು ಗೊತ್ತಿಲ್ಲದೆ ಯೂನಿಕೋಡ್ ಕಡೆಗೇ ಬರುವುದಿಲ್ಲ.

ಮತ್ತೆ ಆ ‘ಬಿ’ ಬಟನ್ ಒತ್ತಬೇಡಿ! ಮೊದಲಿನ ಬಾಲೂ ತಮ್ಮದಲ್ಲಿ ಒಂದೇ ತೂಕ. ಅದನ್ನೇ ಇನ್‌ಸ್ಟಾಲ್ ಮಾಡಿಕೊಂಡು ಬೋಲ್ಡ್ ಒತ್ತಿದರೆ ಸಾಫ್ಟ್‌ವೇರ್ ಸುಮ್ನೆ ಸುತ್ತಲೂ ದಪ್ಪ ಬಳಿಯುತ್ತದೆ. ಒತ್ತು ಮುಚ್ಚಿಹೋಗುವುದಕ್ಕೆ ಅರ್ಧ ಸಲ ಇದೇ ಕಾರಣ. ಬಾಲೂ ತಮ್ಮ 2 ಹಾಕಿಕೊಂಡು, ಪಟ್ಟಿಯಿಂದ ಬೇಕಾದ ತೂಕ ಆರಿಸಿ.

ಕುರುಕಲು, ದಾವಣಗೆರೆ

ಪುಟಜೋಡಣೆ ಅಕ್ಕಾ, ಮುದ್ರಣದಲ್ಲಿ ಒತ್ತು ಇನ್ನೂ ಮುಚ್ಚುತ್ತದಾ? ಪೌಚ್ ಕಂದು ಬಣ್ಣ, ಅಕ್ಷರ ಬಿಳಿ ಅಂದುಕೊಂಡಿದ್ದೇವೆ.

ಪುಟಜೋಡಣೆ, ತುಮಕೂರು

ಪೌಚ್ ಮೇಲೆ ನೇರವಾಗಿ ಮುದ್ರಿಸಿದರೆ ಮಸಿ ಸ್ವಲ್ಪ ಹರಡುತ್ತದೆ. ಬಿಳಿ ಮೇಲೆ ಕಂದು ಅಕ್ಷರ ಆದರೆ ಅಕ್ಷರ ಇನ್ನೂ ದಪ್ಪ ಆಗಿ ಒಳಗಿನ ಜಾಗ ಮುಚ್ಚುತ್ತದೆ. ಕಂದು ಮೇಲೆ ಬಿಳಿ ಬಿಟ್ಟರೆ ಉಲ್ಟಾ, ಸುತ್ತಲಿನ ಕಂದು ಒಳಕ್ಕೆ ಬಂದು ಅಕ್ಷರ ಸಣ್ಣಗಾಗುತ್ತದೆ. ದಪ್ಪ ಫಾಂಟ್‌ಗೆ ಇದು ಒಳ್ಳೆಯದೇ, ಒತ್ತು ಬಿಡಿಸಿಕೊಂಡು ಕಾಣುತ್ತದೆ. ಹಾಗಾಗಿ ನಿಮ್ಮ ಯೋಚನೆ ಸರಿ ಇದೆ.

ಆದರೆ ಶುರುವಿನಲ್ಲಿ ಪೌಚ್ ಮುದ್ರಣಕ್ಕೆ ಹೋಗಬೇಡಿ. ಮುದ್ರಣದ ಅಚ್ಚಿನ ಸಿಲಿಂಡರ್ ಖರ್ಚು ಜಾಸ್ತಿ, ಕಮ್ಮಿ ಸಂಖ್ಯೆ ಮಾಡಿಕೊಡುವುದಿಲ್ಲ. ಖಾಲಿ ಪೌಚ್ ತಂದು ಸ್ಟಿಕರ್ ಅಂಟಿಸಿ. ಸ್ಟಿಕರ್ ಡಿಜಿಟಲ್‌ನಲ್ಲಿ ಆಗುವುದರಿಂದ ಮಸಿ ಹರಡುವ ಕಾಟವೂ ಅಷ್ಟಿಲ್ಲ.

ಹಿಂದುಗಡೆ ಬರುವ ಪದಾರ್ಥದ ಪಟ್ಟಿ, ಪೋಷಕಾಂಶ, ತಯಾರಿಸಿದ ದಿನ ಇವಕ್ಕೆ ಮಾತ್ರ ದಯವಿಟ್ಟು ಬಾಲೂ ಬೇಡ. ಅಲ್ಲಿಗೆ ನೋಟೋ ಸ್ಯಾನ್ಸೇ ಸರಿ. ಇದು ದೊಡ್ಡದಾಗಿ ಬರೆಯಲು ಮಾಡಿದ ಅಕ್ಷರ.

ವಾರಾಂತ್ಯದ ಮೇಷ್ಟ್ರು, ಕ್ಯಾಲಿಫೋರ್ನಿಯಾ

ಪಕ್ಕದ ದಾರಿಯಿಂದ ಒಂದು ಮಾತು. ಇಲ್ಲಿ ಭಾನುವಾರ ಮಕ್ಕಳಿಗೆ ಕನ್ನಡ ಕಲಿಸುತ್ತೇನೆ. ಗೋಡೆಗೆ ಹಚ್ಚುವ ಅಕ್ಷರಮಾಲೆ ಪಟ್ಟಿಗೆ ಬಾಲೂ ತಮ್ಮ ಹಾಕಿದ್ದೆ. ಮಕ್ಕಳಿಗೆ ತುಂಬಾ ಇಷ್ಟ. ಆದರೆ ‘ದ’, ‘ಧ’, ‘ಥ’ ಪಕ್ಕಪಕ್ಕ ಇಟ್ಟಾಗ ಕಲಿಯುವ ಮಗುವಿಗೆ ಕಷ್ಟ ಆಯಿತು. ನಾವು ಹೊಟ್ಟೆ ಸೀಳುವುದು ಅನ್ನುತ್ತೇವಲ್ಲ, ಆ ಸೀಳು ದಪ್ಪ ಅಕ್ಷರದಲ್ಲಿ ಪುಟ್ಟ ಗುಬುಟು ಆಗಿಬಿಡುತ್ತದೆ. ‘ರ’ ಮತ್ತು ‘ಠ’ ನಡುವೆ ಇರುವುದು ಒಂದು ಚುಕ್ಕಿ ಮಾತ್ರ, ಹೊಟ್ಟೆಯೊಳಗೆ ಜಾಗ ಕಮ್ಮಿ ಆದಾಗ ಅದೂ ಗೋಡೆಗೆ ಅಂಟಿದ ಹಾಗೆ ಕಾಣುತ್ತದೆ. ನಮಗೆ ಇದು ಗೊತ್ತೇ ಆಗುವುದಿಲ್ಲ, ಯಾಕೆಂದರೆ ನಾವು ಅಕ್ಷರ ನೋಡುವುದಿಲ್ಲ, ಪದ ನೋಡುತ್ತೇವೆ. ಮಗು ಒಂದೊಂದೇ ಅಕ್ಷರ ನೋಡುತ್ತದೆ.

ರೆಗ್ಯುಲರ್ ತೂಕಕ್ಕೆ ಇಳಿಸಿದ ಮೇಲೆ ಸರಿಹೋಯಿತು. ಆಕಾರ ಹಾಗೇ ಮುದ್ದಾಗಿದೆ, ಸೀಳೂ ಕಾಣುತ್ತದೆ. ತಿಂಡಿ ಪ್ಯಾಕೆಟ್‌ಗೆ ಇದು ಅಷ್ಟು ಮುಖ್ಯ ಅಲ್ಲ ಬಿಡಿ, ಚಕ್ಕುಲಿಯಲ್ಲಿ ಮಹಾಪ್ರಾಣ ಎಲ್ಲಿದೆ.

ಮಸಿಕುಡಿಕೆ, ಮೈಸೂರು

‘ಖಾರ’ ಇದೆಯಲ್ಲ ಮೇಷ್ಟ್ರೇ.

ವಾರಾಂತ್ಯದ ಮೇಷ್ಟ್ರು, ಕ್ಯಾಲಿಫೋರ್ನಿಯಾ

ಹೌದಲ್ಲ! ಆದರೆ ‘ಖ’ದ ರೂಪವೇ ಬೇರೆ, ‘ಕ’ದ ಜೊತೆ ಗೊಂದಲ ಆಗುವುದಿಲ್ಲ. ಬಚಾವ್.

ಟ್ಯಾಗುಗಾರ, ಬೆಂಗಳೂರು

ವೆಬ್‌ಸೈಟ್ ಮಾಡುವವರು ಯಾರಾದರೂ ಓದುತ್ತಿದ್ದರೆ. ಬಾಲೂ ತಮ್ಮ ಹಾಕಿದ ಮೇಲೆ ‘ಬಟನ್ ಒಳಗೆ ಪದ ಮಧ್ಯಕ್ಕೆ ಕೂರುತ್ತಿಲ್ಲ’, ‘ಸಾಲುಗಳ ನಡುವೆ ಜಾಗ ವಿಪರೀತ’ ಅಂತ ಕೇಳುವವರು ಬಹಳ. ಇದು ದೋಷ ಅಲ್ಲ. ಮೇಲೆ ಗುಡಿಸು, ಏತ್ವ, ಕೆಳಗೆ ಒತ್ತಿನ ಕೆಳಗೊಂದು ಒತ್ತು, ಇಷ್ಟಕ್ಕೂ ಜಾಗ ಬೇಕು. ‘ಸ್ತ್ರೀ’, ‘ರಾಷ್ಟ್ರ’ ಬರೆದು ನೋಡಿ. ಬರೀ ಇಂಗ್ಲಿಷ್ ಪದ ಬರೆದಾಗ ಆ ಜಾಗ ಖಾಲಿ ಉಳಿದು ಪದ ಮೇಲಕ್ಕೋ ಕೆಳಕ್ಕೋ ಸರಿದ ಹಾಗೆ ಕಾಣುತ್ತದೆ. ಬಟನ್‌ಗೆ ಪ್ಯಾಡಿಂಗ್ (ಪದದ ಸುತ್ತ ಬಿಡುವ ಜಾಗ) ಕೈಯಿಂದ ಸರಿಮಾಡಿಕೊಳ್ಳಿ. ಆದರೆ ಶೀರ್ಷಿಕೆಯ ಸಾಲಿನ ಎತ್ತರವನ್ನು ಇಂಗ್ಲಿಷ್ ಅಭ್ಯಾಸದಲ್ಲಿ ಅಕ್ಷರದ ಗಾತ್ರದ 1.1, 1.2 ಪಟ್ಟಿಗೆ ಇಳಿಸಬೇಡಿ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತದೆ. ಎರಡು ಸಾಲು ಬರುವ ಕಡೆ ನಾನು 1.5ಕ್ಕಿಂತ ಕೆಳಗೆ ಹೋಗುವುದಿಲ್ಲ.

ಐದು ತೂಕಕ್ಕೆ ಐದು ಫೈಲ್ ಇಳಿಸಿಕೊಳ್ಳಬೇಕಾಗಿಲ್ಲ. ವೇರಿಯಬಲ್ ಫಾಂಟ್ ಒಂದೇ ಫೈಲ್‌ನಲ್ಲಿ 400ರಿಂದ (ರೆಗ್ಯುಲರ್) 800ರವರೆಗೆ (ಎಕ್ಸ್‌ಟ್ರಾ ಬೋಲ್ಡ್) ಎಲ್ಲ ತೂಕ ಇರುತ್ತದೆ. 650 ಬೇಕಾದರೆ 650 ಕೊಡಬಹುದು. ಒತ್ತು ಮುಚ್ಚುವ ಸಮಸ್ಯೆಗೆ ಇದೇ ಬಹಳ ಉಪಯೋಗ, ಯಾವ ತೂಕದಲ್ಲಿ ಮುಚ್ಚುತ್ತದೆ ಅಂತ ಜಾರುಪಟ್ಟಿ ಎಳೆದು ನೋಡಿ, ಅದಕ್ಕಿಂತ ಒಂದಿಷ್ಟು ಕೆಳಗೆ ನಿಲ್ಲಿಸಿ.

ಅಕ್ಷರಮೋಹಿ, ಬೆಂಗಳೂರು

ಬೇರೆ ಫಾಂಟ್ ಏನಿದೆ ಅನ್ನುವ ಪ್ರಶ್ನೆ ಹಾಗೇ ಉಳಿದಿತ್ತು. ನಿಜ ಹೇಳಬೇಕೆಂದರೆ ದಪ್ಪ, ದುಂಡು, ಪುಕ್ಕಟೆ, ಯೂನಿಕೋಡ್ ನಾಲ್ಕೂ ಬೇಕಾದರೆ ಪಟ್ಟಿ ಬಹಳ ಗಿಡ್ಡ.

ಹುಬ್ಬಳ್ಳಿ ಅಂತ ಒಂದು ಫಾಂಟ್ ಇದೆ, ಎರಿನ್ ಮೆಕ್‌ಲಾಫ್ಲಿನ್ ಮಾಡಿದ್ದು. (ಮಾವನವರು ಹಿಗ್ಗಬಹುದು.) ಗೆರೆ ಎಲ್ಲ ಕಡೆ ಒಂದೇ ದಪ್ಪ, ತುಂಬಾ ಸಲೀಸಾದ ಅಕ್ಷರ, ಕೈಯಲ್ಲಿ ಬರೆದ ಹಾಗಿದೆ. ಆದರೆ ಒಂದೇ ತೂಕ, ಅದೂ ತೆಳು. ಬೋರ್ಡ್‌ಗೆ ಆಗಲ್ಲ, ಪ್ಯಾಕೆಟ್ ಮೇಲಿನ ಎರಡನೇ ಸಾಲಿಗೆ ಚೆಂದ.

ಅಕಾಯ ಕನಡಕ. ವೈಷ್ಣವಿ ಮೂರ್ತಿ ಯೆರ್ಕಡಿತ್ತಾಯ ಮತ್ತು ಹುವಾನ್ ಲೂಯಿಸ್ ಬ್ಲಾಂಕೊ ಅವರದು. ನನಗೆ ಬಾಲೂಗಿಂತ ಇದೇ ಇಷ್ಟ. ದುಂಡು ಅನ್ನುವುದಕ್ಕಿಂತ ಚುರುಕು ಅನ್ನಬೇಕು, ಒಳ್ಳೆ ವ್ಯಕ್ತಿತ್ವ ಇದೆ. ಮಸಿಕುಡಿಕೆಯವರು ಹೇಳುವ ‘ಕೈ ಗೊತ್ತಾಗಬೇಕು’ ಅನ್ನುವುದಕ್ಕೆ ಹತ್ತಿರ. ಒಂದೇ ತೂಕ ಇರುವುದು ಅದರ ಮಿತಿ.

ಇನ್ನೊಂದು ಅನೇಕ್ ಕನ್ನಡ. ಇದೂ ಏಕ್ ಟೈಪ್‌ನವರದೇ, 2022ರಲ್ಲಿ ಬಂತು. ಮೂಲೆ ದುಂಡು ಇಲ್ಲ, ಆದರೆ ತೂಕದ ಜೊತೆ ಅಗಲವನ್ನೂ ಬದಲಾಯಿಸಬಹುದು. ಎಕ್ಸ್‌ಟ್ರಾ ಬೋಲ್ಡ್ ಇಟ್ಟು ಅಗಲ ಹೆಚ್ಚಿಸಿದರೆ ಒಳಗಿನ ಬಿಳಿ ಜಾಗ ತೆರೆದುಕೊಳ್ಳುತ್ತದೆ, ಅಕ್ಷರ ದಪ್ಪವಾಗಿದ್ದೂ ಉಸಿರಾಡುತ್ತದೆ. ಮೂಲೆ ಬೋಳಿಸದೇ ಆಪ್ತವಾಗಿ ಕಾಣುವ ಅಕ್ಷರ ಇದು. ನಾನು ಮೊದಲು ಹೇಳಿದ್ದು ಇದನ್ನೇ, ಕನ್ನಡಕ್ಕೆ ಮೂಲೆಗಿಂತ ಹೊಟ್ಟೆ ಮುಖ್ಯ.

ಮಸಿಕುಡಿಕೆ, ಮೈಸೂರು

ಒಪ್ಪಿದೆ. ಆದರೆ ಹೊಟ್ಟೆ ದೊಡ್ಡದಾಗಿ ತುದಿ ಚೂಪಾಗಿದ್ದರೆ ಅದು ಸ್ನೇಹ ಅಲ್ಲ, ದರ್ಪ. ತಾಳೆಗರಿ ಮೇಲೆ ಕಂಟ ಹಿಡಿದು ಬರೆದವರ ಸಾಲಿನಿಂದ ಬಂದ ಅಕ್ಷರ ಇದು. ನೇರ ಗೆರೆ ಎಳೆದರೆ ಗರಿ ಸೀಳುತ್ತದೆ ಅಂತ ದುಂಡಗೆ ಹೊರಳಿಸಿದರು ಅನ್ನುತ್ತಾರೆ. ತುದಿಯೂ ಹೊರಳಲಿ ಅನ್ನುವುದು ನನ್ನ ಪಕ್ಷ. ಅನೇಕ್ ಸುದ್ದಿಪತ್ರಿಕೆ ತಲೆಬರಹಕ್ಕೆ ಸೈ, ಕೋಡುಬಳೆಗೆ ಬಾಲೂ.

ಅಕ್ಷರಮೋಹಿ, ಬೆಂಗಳೂರು

ಬೆಳಿಗ್ಗೆ ಬಾಲೂ ಬೇಡ ಅಂದವರು ನೀವೇ!

ಮಸಿಕುಡಿಕೆ, ಮೈಸೂರು

ಹೆಸರಿಗೆ ಬೇಡ ಅಂದೆ. ಕೋಡುಬಳೆಗೆ ಅಂದೆನಾ?

ಕುರುಕಲು, ದಾವಣಗೆರೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿಮ್ಮ ಮಾತು ಕೇಳಿ ಇವತ್ತು ಹಾಳೆ ಮೇಲೆ ಮುದ್ರಿಸಿ ಗೋಡೆಗೆ ಅಂಟಿಸಿ ನೋಡಿದೆ. ಬ್ರ್ಯಾಂಡ್ ಹೆಸರು ಸೊಸೆಯ ಅಪ್ಪನ ಕೈಬರಹ, ಅವರು ಹಿಂದೆ ಶಾಲೆಯಲ್ಲಿ ಚಿತ್ರಕಲೆ ಮೇಷ್ಟ್ರಾಗಿದ್ದವರಂತೆ. ತಿಂಡಿಯ ಹೆಸರು ಬಾಲೂ ತಮ್ಮ 2. ದೊಡ್ಡ ಪ್ಯಾಕೆಟ್‌ಗೆ ಬೋಲ್ಡ್, ಐವತ್ತು ಗ್ರಾಂ ಪ್ಯಾಕೆಟ್‌ಗೆ ಸೆಮಿ ಬೋಲ್ಡ್. ಒತ್ತು ಈಗ ಕಾಣುತ್ತದೆ. ಇಂಗ್ಲಿಷ್ ಅದರ ಕೆಳಗೆ, ಸಣ್ಣದಾಗಿ, ಮೀಡಿಯಂ ತೂಕ. ಇಂಗ್ಲಿಷನ್ನೂ ಅದೇ ತೂಕ ಇಟ್ಟರೆ ಕನ್ನಡಕ್ಕಿಂತ ಜೋರಾಗಿ ಕೂಗುತ್ತಿತ್ತು, ಯಾಕೋ ಗೊತ್ತಿಲ್ಲ.

ಅತ್ತೆಯವರು ನೋಡಿ ‘ಪರವಾಗಿಲ್ಲ’ ಅಂದರು. ಅವರ ಬಾಯಲ್ಲಿ ಅದು ದೊಡ್ಡ ಮಾತು ಅಂತ ಸೊಸೆ ಹೇಳಿದರು.

ಅಕ್ಷರಮೋಹಿ, ಬೆಂಗಳೂರು

ಇಂಗ್ಲಿಷ್ ಜೋರಾಗಿ ಕೂಗುವುದು ದೊಡ್ಡಕ್ಷರದಲ್ಲಿ ಬರೆದಿದ್ದಕ್ಕೆ. ಎಲ್ಲ ಒಂದೇ ಎತ್ತರ, ಇಟ್ಟಿಗೆ ಜೋಡಿಸಿದ ಹಾಗೆ ಗಟ್ಟಿ ಸಾಲು ಆಗುತ್ತದೆ. ಕನ್ನಡದ ಸಾಲು ಮೇಲೆ ಕೆಳಗೆ ಏರಿಳಿಯುತ್ತದೆ. ಇಂಗ್ಲಿಷನ್ನು ಸಣ್ಣಕ್ಷರದಲ್ಲಿ ಬರೆಯಿರಿ, ತೂಕ ಇಳಿಸುವ ಅಗತ್ಯವೂ ಬೀಳಲಿಕ್ಕಿಲ್ಲ.

ಕುರುಕಲು, ದಾವಣಗೆರೆ

ಮಾಡಿ ನೋಡಿದೆ, ಹೌದು! ಬೋರ್ಡ್ ಮಾವ, ಅಂಗಡಿ ಗಾಜಿಗೆ ಸ್ಟಿಕರ್ ಕಟ್ ಮಾಡಿಸಬೇಕು. ನಿಮ್ಮಂಥವರಿಗೆ ಫೈಲ್ ಹೇಗೆ ಕಳಿಸಿದರೆ ಅನುಕೂಲ? ಇಲ್ಲಿ ಒಬ್ಬರ ಹತ್ತಿರ ಕೊಟ್ಟಿದ್ದೆ, ‘ಕೋ’ ಅಕ್ಷರದ ಮಧ್ಯೆ ಬ್ಲೇಡ್ ಗೆರೆ ಬಿದ್ದು ತುಂಡಾಗಿ ಬಂತು.

ಬೋರ್ಡ್ ಮಾವ, ಹುಬ್ಬಳ್ಳಿ

ಅದು ಎಲ್ಲರಿಗೂ ಆಗುವುದೇ. ಕನ್ನಡ ಫಾಂಟ್‌ನಲ್ಲಿ ಅಕ್ಷರಕ್ಕೆ ಸೇರುವ ಕೊಂಬು, ದೀರ್ಘ ಎಷ್ಟೋ ಕಡೆ ಬೇರೆ ತುಂಡಾಗಿ ಬಂದು ಒಂದರ ಮೇಲೊಂದು ಕೂತಿರುತ್ತವೆ. ಸ್ಕ್ರೀನ್ ಮೇಲೆ ಎರಡೂ ಕಪ್ಪು, ಸೇರಿದ್ದು ಕಾಣುವುದಿಲ್ಲ. ಕಟಿಂಗ್ ಪ್ಲಾಟರ್‌ಗೆ ಮಾತ್ರ ಎರಡೂ ಗೆರೆ ಕಾಣುತ್ತವೆ, ಎರಡನ್ನೂ ಕತ್ತರಿಸುತ್ತದೆ. ವೇರಿಯಬಲ್ ಫಾಂಟ್ ಆದರೆ ಇದು ಇನ್ನೂ ಜಾಸ್ತಿ.

ಕೋರೆಲ್‌ಡ್ರಾ ಆದರೆ ಮೊದಲು ಅಕ್ಷರವನ್ನು ಕರ್ವ್ಸ್ (ಬರೀ ಗೆರೆಯ ಚಿತ್ರ) ಮಾಡಿ, ಆಮೇಲೆ ಎಲ್ಲ ಆಯ್ಕೆ ಮಾಡಿ ವೆಲ್ಡ್ ಕೊಟ್ಟು ಒಂದಾಗಿಸಿ. ಇಲಸ್ಟ್ರೇಟರ್ ಆದರೆ ಯುನೈಟ್. ವೈರ್‌ಫ್ರೇಮ್‌ನಲ್ಲಿ (ಬಣ್ಣ ಬಿಟ್ಟು ಬರೀ ಗೆರೆ ತೋರಿಸುವ ನೋಟದಲ್ಲಿ) ತೆರೆದು ನೋಡಿದರೆ ಒಳಗೆ ಅಡ್ಡಗೆರೆ ಉಳಿದಿದ್ದು ಕಾಣುತ್ತದೆ. ಒಂದೂ ಇರಬಾರದು. ‘ಕೋಡುಬಳೆ’ಯ ‘ಕೋ’, ‘ಡು’, ‘ಳೆ’ ಮೂರನ್ನೂ ಬಿಡದೆ ನೋಡಿ. ಪಿಡಿಎಫ್ ಕಳಿಸಿ, ಜೊತೆಗೆ ಅಗಲ ಎಷ್ಟು ಇಂಚು ಅಂತ ಬರೆಯಿರಿ. ಗಾಜಿನ ಒಳಗಡೆಯಿಂದ ಅಂಟಿಸುವುದಾದರೆ ಉಲ್ಟಾ ಕಟ್ ಮಾಡಬೇಕು, ಅದನ್ನೂ ಹೇಳಿ. ಹೇಳದಿದ್ದರೆ ನಾವು ಸೀದಾ ಕಟ್ ಮಾಡಿಬಿಡುತ್ತೇವೆ.